ಲಿಯೋನಿನ ಊಟ, ದಾಸರಹಳ್ಳಿಯ ಎಲೆ

ನಮ್ಮ ಫ್ಯಾಕ್ಟರಿಯಿಂದ ಯಾರಾದರೂ ಫ್ರಾನ್ಸಿನ ಲಿಯೋನ್ ಊರಿಗೆ ಹೊರಟರೆ ಅವರನ್ನು ನನ್ನ ಹತ್ತಿರ ಕಳಿಸುತ್ತಾರೆ. ವೀಸಾ, ಟಿಕೆಟ್ಟು, ಸ್ವೆಟರು ಬೇರೆಯವರ ತಲೆನೋವು. ಅಲ್ಲಿ ಎಲ್ಲಿ ತಿನ್ನಬೇಕು, ಹೇಗೆ ತಿನ್ನಬೇಕು ಅನ್ನುವುದು ನನ್ನ ಇಲಾಖೆ. ಪೀಣ್ಯದ ಒಂದು ಶೆಡ್ಡಿನಲ್ಲಿ ಗ್ರೈಂಡಿಂಗ್ ಆಗಿ ಬಂದ ಬಿಡಿಭಾಗಗಳ ಅಳತೆ ನೋಡುವ ಹೆಂಗಸು ನಾನು. ಆ ಊರಿಗೆ ಹೋಗಿದ್ದು ಒಂದೇ ಸಲ. ಆದರೂ ಊಟದ ವಿಷಯಕ್ಕೆ ಬಂದರೆ ನಾನು ಯಾರ ಮಾತನ್ನೂ ಕೇಳುವವಳಲ್ಲ.

ಹಳೇ ಪೇಟೆಯ ಕಲ್ಲುಹಾಸಿನ ಬೀದಿಯಲ್ಲಿ, ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವ ಹೋಟೆಲಿಗೆ ಹೋಗಬೇಡಿ ಅನ್ನುತ್ತೇನೆ. ಊಟದ ಫೋಟೊಗಳನ್ನು ಗೋಡೆಗೆ ಅಂಟಿಸಿದ್ದರೆ ಇನ್ನೂ ಬೇಗ ದಾಟಿಕೊಳ್ಳಿ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರೋ ನಾಲ್ಕೋ ಸಾಲು ಬರೆದಿರುವ, ಒಳಗೆ ಪಕ್ಕದವರ ಮೊಣಕೈ ತಾಗುವಷ್ಟು ಒತ್ತಾಗಿ ಮೇಜು ಹಾಕಿರುವ, ಯಜಮಾನಿ ಸುಮ್ಮಸುಮ್ಮನೆ ನಗದಿರುವ ಜಾಗ ಹುಡುಕಿ. ಮಧ್ಯಾಹ್ನ ಹನ್ನೆರಡಕ್ಕೇ ಹೋಗಿ. ನಮ್ಮ ಹಾಗೆ ಮೂರು ಗಂಟೆಗೆ ಹಸಿವಾಯಿತು ಅಂತ ಹೋದರೆ ಅಡುಗೆಮನೆ ತೊಳೆದು ಬಾಗಿಲು ಹಾಕಿರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಅನ್ನಿ. ಅದನ್ನು ಹೇಳದೆ ಕುರ್ಚಿ ಎಳೆದವರಿಗೆ ಆ ದಿನ ಒಳ್ಳೆ ತುಂಡು ಬೀಳುವುದಿಲ್ಲ. ನೀರಿನ ಬಾಟಲಿ ಕೇಳಬೇಡಿ, ಹೂಜಿಯ ನೀರು ಕೇಳಿ. ಎಲ್ಲವನ್ನೂ ಒಟ್ಟಿಗೇ ತನ್ನಿ ಅನ್ನಬೇಡಿ. ಎಲೆಯ ಮೇಲೆ ಪಲ್ಯ, ಕೋಸಂಬರಿ, ಸಾರು ಒಟ್ಟಿಗೆ ನೋಡಿ ಬೆಳೆದವರಿಗೆ ಒಂದೊಂದೇ ತಟ್ಟೆಗೆ ಕಾಯುವುದು ಶಿಕ್ಷೆ, ಆದರೂ ಕಾಯಿರಿ. ಬ್ರೆಡ್ಡನ್ನು ತಟ್ಟೆಯಲ್ಲಿ ಅಲ್ಲ, ಮೇಜಿನ ಮೇಲೇ ಇಟ್ಟುಕೊಂಡು ಕೊನೆಗೆ ಅದರಿಂದ ತಟ್ಟೆಯನ್ನು ಸ್ವಚ್ಛವಾಗಿ ಒರೆಸಿ ತಿನ್ನಿ. ಅಂಥ ಜಾಗದಲ್ಲಿ ಅದಕ್ಕೆ ಯಾರೂ ನಗುವುದಿಲ್ಲ, ಅಡುಗೆಯವರಿಗೆ ಅದೇ ಸರ್ಟಿಫಿಕೇಟು.

ಭಾನುವಾರ ಬೆಳಿಗ್ಗೆ ಹೊಳೆಯ ದಡದಲ್ಲಿ ಸಂತೆ ಸೇರುತ್ತದೆ, ಅಲ್ಲಿ ಹಣ್ಣು ಕೊಳ್ಳಿ, ಆದರೆ ಕೈಯಿಂದ ಅದುಮಿ ನೋಡಬೇಡಿ, ಬೈಸಿಕೊಳ್ಳುತ್ತೀರಿ. ಬೆಳ್ಳುಳ್ಳಿ, ಸೊಪ್ಪು ಹಾಕಿ ಕಲಸಿದ ಬಿಳಿ ಗಿಣ್ಣದಂಥ ಒಂದು ಪದಾರ್ಥ ಇದೆ. ಅದರ ಹೆಸರಿನ ಅರ್ಥ ‘ನೇಕಾರರ ಮೆದುಳು’ ಅಂತೆ. ಹಿಂದೆ ರೇಷ್ಮೆ ನೇಯುವವರು ಮಾಂಸ ಸಿಗದ ದಿನ ಅದನ್ನೇ ಉಣ್ಣುತ್ತಿದ್ದರಂತೆ. ಹೆದರಬೇಡಿ, ನಮ್ಮ ಮೊಸರುಬಜ್ಜಿಯ ದೂರದ ಸಂಬಂಧಿ.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೇಳುವುದು ಒಂದೇ. “ಮೇಡಂ, ನೀವು ದಿನಾ ಊಟಕ್ಕೆ ಹೋಗ್ತಿದ್ರಲ್ಲ, ಆ ಜಾಗ ಯಾವ್ದು?” ಅದು ಈಗ ಇಲ್ಲ ಅನ್ನುತ್ತೇನೆ. ಯಾಕಿಲ್ಲ ಅನ್ನುವುದನ್ನು ಹೇಳುವುದಿಲ್ಲ. ಹೇಳಿದರೆ ಅವರ ಊಟ ಕೆಡುತ್ತದೆ.

ಈ ವರ್ಷ ಮೇ ತಿಂಗಳ ಸೆಕೆಯಲ್ಲಿ ನಮ್ಮ ಮ್ಯಾನೇಜರ್ ಅಳತೆ ರೂಮಿಗೇ ಬಂದರು. ಯಾವಾಗಲೂ ಕ್ಯಾಬಿನ್ನಿಗೆ ಕರೆಸಿಕೊಳ್ಳುವ ಮನುಷ್ಯ, ಅವತ್ತು ತಾವೇ ಬಂದು ಸ್ಟೂಲ್ ಎಳೆದುಕೊಂಡು ಕೂತರು.

“ಮೇಡಂ, ಸೋಮವಾರದಿಂದ ಒಂದು ಹುಡುಗಿ ಬರ್ತಾಳೆ. ಆಂಧ್ರದ ಗಡಿಯಾಚೆ ನಮ್ಮ ಹೊಸ ಯೂನಿಟ್ ಏಳ್ತಿದೆಯಲ್ಲ, ಅಲ್ಲಿಂದ. ಗ್ರೈಂಡಿಂಗ್ ಲೈನಿನ ಅಳತೆ ಎಲ್ಲಾ ಕಲಿಸ್ಕೊಡಿ.”

“ಯಾಕ್ ಸಾರ್?”

“ಸುಮ್ನೆ, ಟ್ರೈನಿಂಗು.” ಎದ್ದು ಹೊರಟವರು ಬಾಗಿಲಲ್ಲಿ ತಿರುಗಿದರು. “ಚೆನ್ನಾಗಿ ಊಟ ಮಾಡ್ಸಿ ಮೇಡಂ. ಆ ವಿಷಯದಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?”

ಹೊಗಳಿಕೆಯೇ ಅದು. ಆದರೆ ಅದೇ ಮಾತನ್ನು ನಾನು ಹಿಂದೆ ಒಮ್ಮೆ ಲಿಯೋನಿನಲ್ಲಿ ಕೇಳಿದ್ದೆ, ನಡುವಯಸ್ಸು ದಾಟಿದ ಒಬ್ಬ ಮನುಷ್ಯನಿಗೆ ಅವರ ದೊಡ್ಡ ಸಾಹೇಬ ಇಂಗ್ಲಿಷಿನಲ್ಲಿ, ನಮಗೂ ಕೇಳಲಿ ಅಂತ ಹೇಳಿದ್ದನ್ನು. ಇವರಿಗೆ ಚೆನ್ನಾಗಿ ಊಟ ಮಾಡಿಸಿ.

ಆಗ ನನಗೆ ಮೂವತ್ತರ ಆಸುಪಾಸು. ನಮ್ಮ ಫ್ಯಾಕ್ಟರಿಯನ್ನು ಒಂದು ಫ್ರೆಂಚ್ ಕಂಪನಿ ಹೊಸದಾಗಿ ಕೊಂಡಿತ್ತು. ಅವರ ಲಿಯೋನ್ ಕಾರ್ಖಾನೆಯಲ್ಲಿ ಕೆಲಸ ಕಲಿತು ಬನ್ನಿ ಅಂತ ನನ್ನನ್ನೂ ಪ್ಲಾನಿಂಗ್ ವಿಭಾಗದ ಒಬ್ಬರನ್ನೂ ಕಳಿಸಿದರು. ಆ ಮಹಾನುಭಾವರು ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದಿದ್ದರು. ರೂಮಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ರೂಮಿಗೆ, ಅಷ್ಟೇ ಅವರು ನೋಡಿದ ಫ್ರಾನ್ಸು. ನಾನು ಹಾಗಲ್ಲ. ನಮ್ಮದು ದಾಸರಹಳ್ಳಿಯಲ್ಲೇ ತಲೆತಲಾಂತರದಿಂದ ಇದ್ದ ಮನೆ, ನಮ್ಮಜ್ಜಿ ರಾಗಿ ಬೆಳೆದ ಜಾಗದಲ್ಲಿ ಈಗ ಪೇಂಟ್ ಹೊಡೆಯುವ ಶೆಡ್ಡಿದೆ. ಕುರಿ ಕೊಯ್ದರೆ ತಲೆ, ಕಾಲು, ಬೋಟಿ, ರಕ್ತ, ಯಾವುದನ್ನೂ ಬಿಸಾಡದೆ ಬೇಯಿಸುವ ಮನೆ. ಹೊರಗೆ ಹೋದಾಗ ಅಲ್ಲಿನ ಅನ್ನ ಉಣ್ಣದಿದ್ದರೆ ಹೋಗಿದ್ದೇ ದಂಡ ಅಂತ ನನ್ನ ಲೆಕ್ಕ.

ದೊಡ್ಡ ಸಾಹೇಬ ಹಾಗೆ ಹೇಳಿದ್ದು ಅಲ್ಲಿನ ಅಳತೆ ರೂಮಿನ ಹಿರಿಯರಿಗೆ, ಅವರೇ ನನಗೆ ಕಲಿಸುವವರು. ದಪ್ಪ ಮೀಸೆ, ದಪ್ಪ ಬೆರಳು, ಆ ಬೆರಳಲ್ಲಿ ಅಳತೆಯ ಗೇಜ್ ಹಿಡಿದರೆ ಮಾತ್ರ ಮಗುವಿನ ಕೈ ಹಿಡಿದಷ್ಟು ಹಗುರ. ನಾನು ಅವರನ್ನು ‘ಸಾರ್’ ಅಂದರೆ ನಗುತ್ತಿದ್ದರು, ನನ್ನನ್ನು ‘ಮದಾಮ್’ ಅನ್ನುತ್ತಿದ್ದರು. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಹರಕು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಬೆಳಗಿನ ಹೊತ್ತು ಕಟ್ಟುನಿಟ್ಟು. ಹನ್ನೆರಡು ಹೊಡೆದರೆ ಕೋಟು ಹಾಕಿಕೊಂಡು, ಹಸಿದವರ ಕೈಗೆ ಗೇಜ್ ಕೊಡಬಾರದು ಅಂತ ಏಳಿಸಿಬಿಡುತ್ತಿದ್ದರು.

ಕಾರ್ಖಾನೆಯ ಗೇಟಿನೆದುರು, ರಸ್ತೆ ದಾಟಿದರೆ ಆ ಊಟದ ಮನೆ. ಕೆಂಪು ಗೀಟಿನ ಬಟ್ಟೆ ಹಾಸಿದ ಮೇಜುಗಳು, ಕಿಟಕಿಗೆ ಅರ್ಧ ಪರದೆ. ಒಳಗೆ ಹೋದರೆ ಗೋಡೆಗೆ ಪಾರಿವಾಳದ ಗೂಡಿನ ಹಾಗೆ ಮರದ ಸಣ್ಣ ಸಣ್ಣ ಖಾನೆಗಳು. ಒಂದೊಂದು ಖಾನೆಯಲ್ಲಿ ಒಂದೊಂದು ಬಟ್ಟೆಯ ನ್ಯಾಪ್ಕಿನ್, ನೀಟಾಗಿ ಮಡಚಿಟ್ಟದ್ದು. ದಿನಾ ಬರುವ ಕಾರ್ಮಿಕರಿಗೆ ಒಬ್ಬೊಬ್ಬರಿಗೆ ಒಂದೊಂದು ಗೂಡು. ಬಂದವರು ತಮ್ಮ ಬಟ್ಟೆ ತೆಗೆದುಕೊಂಡು ಕೂರುತ್ತಿದ್ದರು, ಉಂಡು ಬಾಯಿ ಒರೆಸಿ, ಮಡಚಿ, ಮತ್ತೆ ಅಲ್ಲೇ ಇಟ್ಟು ಹೋಗುತ್ತಿದ್ದರು. ನನಗೆ ಕಾಗದದ ನ್ಯಾಪ್ಕಿನ್.

“ನಾಳೆ ಬರೋರು ಮಡಚಿಡ್ತಾರೆ,” ಅಂತ ಹಿರಿಯರು ಮೊದಲ ದಿನವೇ ತಿಳಿಸಿದರು. “ಇನ್ನು ಬರಲ್ಲ ಅನ್ನೋರು ಹಾಗೇ ಮೇಜಿನ ಮೇಲೆ ಬಿಟ್ಟು ಹೋಗ್ತಾರೆ. ಯಜಮಾನಿ ಒಗೆದು ಬೇರೆಯವರಿಗೆ ಕೊಡ್ತಾಳೆ.”

ನಾವು ಒಳಗೆ ಹೋದರೆ ಆ ಊಟದ ಮನೆಯ ಗದ್ದಲ ಸ್ವಲ್ಪ ಇಳಿಯುತ್ತಿತ್ತು. ಅದನ್ನು ನಾನು ಹೊಸ ಮುಖ, ಕಪ್ಪು ಬಣ್ಣ, ಹಣೆಯ ಕುಂಕುಮದ ಲೆಕ್ಕಕ್ಕೆ ಹಾಕಿದೆ. ಕಾರ್ಮಿಕರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಕೆಲವರು ಹಿರಿಯರ ಮೇಜಿನ ಹತ್ತಿರ ಬಂದು ಕೆಳದನಿಯಲ್ಲಿ ಏನೋ ಕೇಳುತ್ತಿದ್ದರು. ಅವರು ಗೊತ್ತಿಲ್ಲ ಅನ್ನುವಂತೆ ಭುಜ ಕುಣಿಸುತ್ತಿದ್ದರು, ಬ್ರೆಡ್ ಮುರಿಯುತ್ತಿದ್ದರು. ದಿನ ಕಳೆದಂತೆ ಕೇಳಲು ಬರುವವರು ಹೆಚ್ಚಾದರು. ಏನು ಕೇಳುತ್ತಾರೆ ಅಂತ ನಾನು ವಿಚಾರಿಸಲಿಲ್ಲ. ನನ್ನ ಗಮನವೆಲ್ಲ ತಟ್ಟೆಯ ಮೇಲೆ.

ಒಂದು ದಿನ ಶೆಡ್ಡಿನಲ್ಲಿ ಯಾರೋ ಹಳದಿ ಬಣ್ಣದ ಡಬ್ಬಿ, ಬ್ರಷ್ ಹಿಡಿದುಕೊಂಡು ಗ್ರೈಂಡಿಂಗ್ ಮೆಷಿನ್‌ಗಳ ಬುಡದಲ್ಲಿ ನಂಬರ್ ಬರೆಯುತ್ತ ಹೋದರು. ಇದೇನು ಅಂತ ಹಿರಿಯರನ್ನು ಕೇಳಿದೆ. ಅವರು ಗಡಿಯಾರ ನೋಡಿದರು. ಇನ್ನೂ ಹನ್ನೆರಡಾಗಿರಲಿಲ್ಲ. ಆದರೂ ಊಟಕ್ಕೆ ಹೊತ್ತಾಯಿತು ಅಂದರು.

ಅವತ್ತು ಅವರು ನನ್ನನ್ನು ಕೇಳದೆಯೇ ಹೇಳಿ ತರಿಸಿದರು. ಅಂಗೈಯಗಲದ ತುಂಡು, ಬ್ರೆಡ್ ಪುಡಿ ಹಚ್ಚಿ ಬೆಣ್ಣೆಯಲ್ಲಿ ಕೆಂಪಗೆ ಹುರಿದದ್ದು. ಸೈನಿಕರ ಚರ್ಮದ ಏಪ್ರನ್ ಅಂತ ಅದಕ್ಕೆ ಹೆಸರಂತೆ. ಕತ್ತರಿಸಿ ಬಾಯಿಗಿಟ್ಟೆ. ಒಂದೇ ತುತ್ತಿಗೆ ಗೊತ್ತಾಯಿತು. ಬೋಟಿ! ಏಳು ಸಮುದ್ರ ದಾಟಿ ಬಂದರೆ ಇಲ್ಲೂ ಬೋಟಿ! ನಾನು ಗಟ್ಟಿಯಾಗಿ ನಕ್ಕೆ, ಹೊಟ್ಟೆ ಮುಟ್ಟಿ ತೋರಿಸಿದೆ, ನಮ್ಮ ಮನೇಲೂ ಮಾಡ್ತೀವಿ ಅಂತ ಸನ್ನೆ ಮಾಡಿದೆ. ಬ್ರೆಡ್ಡಿನಿಂದ ತಟ್ಟೆ ಒರೆಸಿ ಕನ್ನಡಿ ಮಾಡಿಟ್ಟೆ. ಅಷ್ಟು ದಿನ ಮುಖ ಬಿಗಿದುಕೊಂಡಿದ್ದ ಯಜಮಾನಿ ತಟ್ಟೆ ನೋಡಿದಳು, ಒಳಗೆ ಹೋದಳು, ಕೆಂಪು ಅಂಚಿನ ಬಟ್ಟೆಯ ನ್ಯಾಪ್ಕಿನ್ ತಂದು ನನ್ನ ಮುಂದೆ ಇಟ್ಟಳು. ಗೋಡೆಯಲ್ಲಿ ಖಾಲಿಯಿದ್ದ ಒಂದು ಗೂಡನ್ನು ತೋರಿಸಿದಳು. ಜಂಬದಿಂದ ಉಬ್ಬಿಹೋದೆ. ಪ್ರಮೋಷನ್ ಸಿಕ್ಕಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆಮೇಲೆ ಹಿರಿಯರು ಹಟ ಹಿಡಿದವರಂತೆ ಉಣ್ಣಿಸಿದರು. ಮೊಟ್ಟೆ ಒಡೆದು ಹಾಕಿದ ಸೊಪ್ಪಿನ ತಟ್ಟೆ, ಮೀನನ್ನು ಅರೆದು ಹಬೆಯಲ್ಲಿ ಉಬ್ಬಿಸಿ ಸಾರಿನಲ್ಲಿ ತೇಲಿಸಿದ ಮೆತ್ತನೆ ಕಡುಬು, ನಾತ ಹೊಡೆಯುವ ಕರುಳಿನ ಸಾಸೇಜು, ಗುಲಾಬಿ ಬಣ್ಣದ ಬಾದಾಮಿ ಕಡುಬಿನಂಥ ಸಿಹಿ. ಕೊನೆಗೆ ಹಾಲಿಲ್ಲದ ಕಾಫಿ. ಪ್ರತಿಯೊಂದನ್ನೂ ಹೇಗೆ ತಿನ್ನಬೇಕು, ಯಾವುದರ ಹಿಂದೆ ಯಾವುದು ಬರಬೇಕು ಅಂತ ಅಳತೆ ಕಲಿಸಿದಷ್ಟೇ ಶ್ರದ್ಧೆಯಿಂದ ಕಲಿಸಿದರು. ತಾವು ಮಾತ್ರ ಕಡಿಮೆ ಕಡಿಮೆ ತಿನ್ನುತ್ತಿದ್ದರು. ಕೊನೆಕೊನೆಗೆ ಅವರ ತಟ್ಟೆ ಅರ್ಧ ಹಾಗೇ ವಾಪಸ್ಸು ಹೋಗುತ್ತಿತ್ತು. ಯಜಮಾನಿ ಅದನ್ನು ಎತ್ತುವಾಗ ಅವರ ಮುಖ ನೋಡುತ್ತಿದ್ದಳು.

ಹೊರಡುವ ದಿನ ಬಂತು. ಕೊನೆಯ ಊಟ. ಇನ್ನು ಬರದವರು ನ್ಯಾಪ್ಕಿನ್ ಮಡಚಬಾರದು ಅನ್ನುವುದು ನನಗೆ ಗೊತ್ತಿತ್ತು. ಆದರೆ ಹಾಗೆ ಬಿಟ್ಟು ಏಳಲು ಕೈ ಬರಲಿಲ್ಲ. ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದುಂಟೇ? ‘ಹೋಗಿ ಬರ್ತೀನಿ’ ಅನ್ನಬೇಕು. ಉಂಡ ಎಲೆಯನ್ನು ನಮ್ಮ ಕಡೆಗೆ ಮಡಚಿ ಏಳಬೇಕು, ಈ ಮನೆಯ ಋಣ ಇನ್ನೂ ಇರಲಿ ಅಂತ. ಆಚೆಗೆ ಮಡಚುವುದು ತಿಥಿ ಊಟದಲ್ಲಿ ಮಾತ್ರ, ಇಂಥ ಊಟ ಈ ಮನೆಯಲ್ಲಿ ಮತ್ತೆ ಬರದಿರಲಿ ಅಂತ. ಹಾಗಾಗಿ ನಾನು ನನ್ನ ನ್ಯಾಪ್ಕಿನ್ನನ್ನು ಇಸ್ತ್ರಿ ಮಾಡಿದಷ್ಟು ಚೆನ್ನಾಗಿ ಮಡಚಿ, ಎದ್ದು ಹೋಗಿ, ಆ ಗೂಡಿನಲ್ಲಿಟ್ಟು, ಎಲ್ಲರ ಕಡೆ ತಿರುಗಿ ಕೈಮುಗಿದೆ.

ಊಟದ ಮನೆಯಲ್ಲಿ ಒಂದು ಚಮಚದ ಸದ್ದೂ ಇರಲಿಲ್ಲ. ಕಾರ್ಮಿಕರೆಲ್ಲ ನಮ್ಮ ಮೇಜಿನ ಕಡೆಗೇ ನೋಡುತ್ತಿದ್ದರು. ಹಿರಿಯರು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದರು, ಅವರ ನ್ಯಾಪ್ಕಿನ್ ಮುದುರಿಕೊಂಡು ತಟ್ಟೆಯ ಪಕ್ಕದಲ್ಲಿ ಬಿದ್ದಿತ್ತು. ಯಜಮಾನಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ನಾನು ಏನೋ ಮಹಾ ತಪ್ಪು ಮಾಡಿದೆ ಅಂತ ಗೊತ್ತಾಯಿತು. ಹಿರಿಯರು ನನ್ನ ಭುಜ ತಟ್ಟಿ ಹೊರಗೆ ಕರೆದುಕೊಂಡು ಬಂದರು.

ಊರಿಗೆ ಬಂದ ಕೆಲವು ತಿಂಗಳ ಮೇಲೆ ಪೀಣ್ಯದ ನಮ್ಮ ಶೆಡ್ಡಿನ ಮುಂದೆ ಕಂಟೇನರ್ ಲಾರಿಗಳು ಬಂದು ನಿಂತವು. ಮರದ ಪೆಟ್ಟಿಗೆ ಒಡೆದರೆ ಅದೇ ಗ್ರೈಂಡಿಂಗ್ ಮೆಷಿನ್‌ಗಳು, ಬುಡದಲ್ಲಿ ಅದೇ ಹಳದಿ ನಂಬರು. ಲಿಯೋನಿನ ಕಾರ್ಖಾನೆಗೆ ಬೀಗ ಬಿದ್ದಿತ್ತು. ಗೇಟಿನೆದುರಿನ ಊಟದ ಮನೆಯೂ ಮುಚ್ಚಿತು ಅಂತ ಆಮೇಲೆ ತಿಳಿಯಿತು. ಹಿರಿಯರು ಏನಾದರೋ ಯಾರಿಗೂ ಗೊತ್ತಿಲ್ಲ. ಇಲ್ಲಿ ಎಲ್ಲರಿಗೂ ಹಬ್ಬ. ಮೆಷಿನ್‌ಗಳಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಸಿಹಿ ಹಂಚಿದೆವು. ನನ್ನ ಪಾಲಿನ ಲಾಡನ್ನು ಪಕ್ಕದವಳ ಕೈಗೆ ಹಾಕಿದೆ. ಅವರ ಅನ್ನ ಕಿತ್ತುಕೊಳ್ಳಲು ಬಂದವಳು ಅವರ ಗೋಡೆಯಲ್ಲಿ ತನಗೊಂದು ಗೂಡನ್ನೂ ಹಿಡಿದುಕೊಂಡಳು ಅಂತಲ್ಲವೇ ಅವರೆಲ್ಲ ಹಾಗೆ ನೋಡಿದ್ದು? ಆ ಮೌನವನ್ನು ನಾನು ಅವತ್ತಿನಿಂದ ಹಾಗೇ ಅರ್ಥ ಮಾಡಿಕೊಂಡಿದ್ದೆ.

ಈಗ ಆ ಹುಡುಗಿ ಬಂದಳು. ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಗಡಿಸೀಮೆಯವಳು, ಅರ್ಧ ತೆಲುಗು ಅರ್ಧ ಕನ್ನಡ, ಬಾಯಿ ತೆರೆದರೆ ‘ಅಕ್ಕಾ’. ಅವಳನ್ನು ದ್ವೇಷಿಸಬೇಕು ಅಂತ ನಾನು ತಯಾರಾಗಿದ್ದೆ, ಅವಳು ಅವಕಾಶ ಕೊಡಲಿಲ್ಲ. ಕೈ ಒಳ್ಳೆಯದು. ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುವವಳಲ್ಲ.

ಬಂದ ವಾರದಲ್ಲೇ ಒಂದು ಬೆಳಿಗ್ಗೆ ನಾನು ಲೈನಿಗೆ ಹೋದಾಗ ಮೂಲೆಯ ಗ್ರೈಂಡಿಂಗ್ ಮೆಷಿನ್ನಿನ ಬುಡದಲ್ಲಿ ಹಸಿ ಹಳದಿ ಬಣ್ಣ ಕಂಡಿತು. ಆಯುಧಪೂಜೆಗೆ ವರ್ಷವರ್ಷ ಇಟ್ಟ ಕುಂಕುಮದ ಕಲೆಗಳ ಕೆಳಗೆ ಫ್ರಾನ್ಸಿನ ಹಳೇ ನಂಬರು ಮಾಸಿಹೋಗಿತ್ತು. ಅದರ ಪಕ್ಕದಲ್ಲಿ ಹೊಸ ನಂಬರು. ಮುಂದಿನ ಮೆಷಿನ್ನಿಗೂ ಇತ್ತು, ಅದರ ಮುಂದಿನದಕ್ಕೂ. ಯಾರೋ ನಾವಿಲ್ಲದ ಹೊತ್ತಿನಲ್ಲಿ ಬಂದು ಬರೆದು ಹೋಗಿದ್ದರು. ಬೆರಳಿಂದ ಮುಟ್ಟಿದೆ, ಹತ್ತಿಕೊಂಡಿತು.

ನೇರವಾಗಿ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ ಹಳದಿ ಬೆರಳನ್ನು ಅವರ ಮುಂದೆ ಹಿಡಿದೆ.

ಅವರು ಎದ್ದು ಬಾಗಿಲು ಹಾಕಿದರು. “ಹೌದು ಮೇಡಂ. ಲೈನ್ ಪೂರ್ತಿ ಅಲ್ಲಿಗ್ ಹೋಗುತ್ತೆ. ಮಳೆಗಾಲ ಕಳೆದ್ಮೇಲೆ ಹೇಳ್ತಾರೆ. ಅಲ್ಲೀವರೆಗೂ ಯಾರ ಹತ್ರಾನೂ ಬಾಯ್ ಬಿಡ್ಬೇಡಿ.”

“ನಮ್ ಹೆಂಗಸ್ರು ಎಲ್ಲಿಗ್ ಹೋಗ್ಬೇಕು ಸಾರ್?”

“ಅವ್ರೆಲ್ಲಾ ಕಾಂಟ್ರಾಕ್ಟು. ನಿಮಗೆ ಏನಾದ್ರೂ ಮಾಡ್ತಾರೆ, ನಾನ್ ಮಾತಾಡ್ತೀನಿ. ಆದ್ರೆ ನಿಮ್ ಬಾಯಿಂದ ಒಂದ್ ಮಾತು ಹೊರಗೆ ಬಂತು ಅಂದ್ರೆ ಆಮೇಲೆ ನನ್ ಕೈಲಿ ಏನೂ ಇಲ್ಲ.” ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಹೆದರಿಕೆ ಇತ್ತು. ಅದು ನನಗೆ ಇನ್ನೂ ಕೆಟ್ಟದಾಗಿ ಕಂಡಿತು.

ನಮ್ಮ ಲೈನಿನ ಹೆಂಗಸರು ಹೆಚ್ಚಾಗಿ ಯಾದಗಿರಿ, ರಾಯಚೂರಿನ ಕಡೆಯವರು. ದಾಸರಹಳ್ಳಿಯ ಗಲ್ಲಿಗಳಲ್ಲಿ ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಜನ ಇರುವವರು. ಅವರಲ್ಲಿ ಯಾದಗಿರಿಯ ಒಬ್ಬಳು ಮೊದಲಿಂದಲೂ ನನ್ನ ಜೊತೆ ಸಲುಗೆ. ಎಂಟು ವರ್ಷದ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಾಳೆ. ಈ ಜೂನಿಗೆ ಮಗಳನ್ನೂ ತಾಯಿಯನ್ನೂ ಕರೆಸಿಕೊಂಡು, ಬೇರೆ ರೂಮು ಮಾಡಿ, ಹುಡುಗಿಯನ್ನು ಇಲ್ಲೇ ಸ್ಕೂಲಿಗೆ ಸೇರಿಸಬೇಕು ಅಂತ ವರ್ಷದಿಂದ ಕನಸು ಕಟ್ಟಿದವಳು. ಹಳದಿ ನಂಬರು ಅವಳಿಗೂ ಕಂಡಿತ್ತು.

“ಅಕ್ಕಾರ, ಮಿಷಿನಿಗಿ ಯಾಕ ನಂಬರ್ ಬರ್ದಾರ್ರಿ? ಲೈನ್ ಇಲ್ಲೇ ಇರ್ತದಲ್ರಿ?”

“ಗೊತ್ತಿಲ್ಲ ಕಣಮ್ಮ, ಸರ್ವಿಸ್‌ಗೆ ಇರ್ಬೇಕು,” ಅಂದುಬಿಟ್ಟೆ.

ಮಾರನೇ ದಿನ ಮತ್ತೆ ಬಂದಳು. “ಸೋಮವಾರ ನಮ್ಮವ್ವ ಸಾಲಿಗಿ ಹೋಗಿ ಮಗಳ ಟೀಸಿ ತಗೀತಾಳ್ರಿ. ತಗೀಲೇನ್ರಿ ಅಕ್ಕಾ? ನೀವು ಹೂಂ ಅಂದ್ರ ತಗೀತೀನಿ.” ನಾನು ಗೇಜ್ ಒರೆಸುತ್ತ ನಿಂತೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅವಳು ನನ್ನ ಮೌನವನ್ನೇ ಹೂಂ ಅಂತ ತಿಳಿದುಕೊಂಡು ನಗುತ್ತ ಹೋದಳು. ಅಲ್ಲಿಂದ ನನಗೆ ಊಟ ಸೇರಲಿಲ್ಲ. ಮನೆಯಲ್ಲಿ ತಟ್ಟೆ ಮುಂದೆ ಕೂತರೆ, ಅರ್ಧ ಬಿಟ್ಟೇಳುತ್ತಿದ್ದ ಆ ಹಿರಿಯರು ನೆನಪಾಗುತ್ತಿದ್ದರು.

ಆಂಧ್ರದ ಹುಡುಗಿಗೆ ಮಾತ್ರ ಚೆನ್ನಾಗಿ ಉಣ್ಣಿಸಿದೆ. ಮಾಡಬೇಕಾದ ಕೆಲಸ ಅಂತಲ್ಲ. ಅವಳ ಕೈಗೆ ಹೋಗುವ ಮೆಷಿನ್‌ಗಳು ನನ್ನವು, ಹಸಿದ ಕೈಗೆ ಅವನ್ನು ಕೊಡಲು ಮನಸ್ಸಾಗಲಿಲ್ಲ. ಮೆಟ್ರೋ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮಿಲಿಟರಿ ಹೋಟೆಲಿದೆ. ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಅದನ್ನು ನಡೆಸುವ ಅಕ್ಕ ನನ್ನ ವಾರಿಗೆಯವಳು, ಕೈಯಲ್ಲಿ ಸೌಟು, ಬಾಯಲ್ಲಿ ಬೈಗುಳ. ಒಂದು ಗಂಟೆಯೊಳಗೆ ಹೋಗಬೇಕು, ಆಮೇಲೆ ಬೋಟಿ ಮುಗಿದಿರುತ್ತದೆ. ಮೊದಲು ಕಾಲು ಸೂಪು, ಆಮೇಲೆ ಬಾಳೆಲೆಯ ಮೇಲೆ ಬಿಸಿ ಮುದ್ದೆ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಎಲೆ ಮಡಚುವುದರಲ್ಲಿ ಆ ಅಕ್ಕ ಬಲು ಖಡಕ್ಕು. ಅಪ್ಪಿತಪ್ಪಿ ಯಾರಾದರೂ ಆಚೆಗೆ ಮಡಚಿದರೆ, “ಯಾರ್ ತಿಥಿಗ್ ಬಂದಿದ್ದೀರಾ ಇಲ್ಲಿ? ನನ್ ಹೋಟ್ಲು ನಡೀಬಾರ್ದಾ?” ಅಂತ ಬೀದಿಗೆ ಕೇಳುವ ಹಾಗೆ ಕೂಗುತ್ತಾಳೆ. ನಮ್ಮ ಲೈನಿನ ಹೆಂಗಸರೆಲ್ಲ ಹೊಸದಾಗಿ ಬಂದಾಗ ಒಬ್ಬೊಬ್ಬರೂ ಒಂದೊಂದು ಸಲ ಬೈಸಿಕೊಂಡೇ ಅದನ್ನು ಕಲಿತವರು.

ಆ ಶನಿವಾರ ಹುಡುಗಿಯ ಕೊನೆಯ ದಿನ. ಅರ್ಧ ದಿನ ಕೆಲಸವಾದ್ದರಿಂದ ನಮ್ಮ ಹೆಂಗಸರೂ ಅಲ್ಲಿಗೇ ಊಟಕ್ಕೆ ಬಂದಿದ್ದರು, ಪಕ್ಕದ ಉದ್ದನೆಯ ಮೇಜು ಪೂರ್ತಿ ಅವರೇ. ಯಾದಗಿರಿಯವಳು ನನಗೆ ಎದುರಾಗಿ ಕೂತಿದ್ದಳು. ಒಳಗೆ ಬಂದಾಗಲೇ ಕೂಗಿ ಹೇಳಿದ್ದಳು, “ಸೋಮವಾರ ಟೀಸಿ ತಗೋತಾರ್ರಿ ಅಕ್ಕಾ, ಮಗಳು ಕುಣಿಲಾಕತ್ತಾಳ.” ಎಲ್ಲರೂ ನಕ್ಕಿದ್ದರು. ಫ್ಯಾನು ಬಿಸಿಗಾಳಿ ತಿರುಗಿಸುತ್ತಿತ್ತು.

ಹುಡುಗಿ ಎರಡು ಸಲ ಬೋಟಿ ಹಾಕಿಸಿಕೊಂಡಳು. ಬೆರಳು ನೆಕ್ಕಿ, ಎಲೆಯನ್ನು ತನ್ನ ಕಡೆಗೆ ಮಡಚಿ, ಮೇಲೆ ಕೈಯಿಟ್ಟು ಒತ್ತಿದಳು. ಅವಳ ಕಡೆಯೂ ಹಾಗೇ ಅಂತೆ. “ಮತ್ತೆ ಬರ್ತೀನಿ ಅಕ್ಕಾ, ಈ ಬೋಟಿಗೋಸ್ಕರನಾದ್ರೂ.” ಅವಳಿಗೆ ಏನೂ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ಸಾಕು, ಹೊಟ್ಟೆ ತುಂಬಿದ ಮಗುವಿನದು. ನಾನೂ ಒಂದು ಕಾಲಕ್ಕೆ ಅಂಥದೇ ಮುಖ ಹೊತ್ತುಕೊಂಡು ಲಿಯೋನಿನ ಆ ಗೂಡುಗಳ ಮುಂದೆ ಕೈಮುಗಿದು ನಿಂತಿದ್ದೆ.

ನನ್ನ ಎಲೆಯಲ್ಲಿ ಮುದ್ದೆ ಅರ್ಧ ಉಳಿದಿತ್ತು. ಬಾಯಿ ಬಿಡಬಾರದು ಅಂದಿದ್ದರು. ಬಿಡಲಿಲ್ಲ. ಎದುರಿನವಳು ನನ್ನ ಕಡೆ ನೋಡುವವರೆಗೂ ಕಾದು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಎಲೆಯನ್ನು ನನ್ನಿಂದ ಆಚೆಗೆ ಮಡಚಿದೆ.

“ಏನಮ್ಮಾ, ಯಾರ್ ತಿಥಿಗ್…” ಅಂತ ಶುರುಮಾಡಿದ ಹೋಟೆಲಿನ ಅಕ್ಕ ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಸೌಟು ಕೈಯಲ್ಲೇ ಇತ್ತು. ಉದ್ದನೆಯ ಮೇಜಿನಲ್ಲಿ ಮಾತು ನಿಂತಿತು. ಒಬ್ಬೊಬ್ಬರಾಗಿ ನನ್ನ ಎಲೆ ನೋಡಿದರು, ನನ್ನನ್ನು ನೋಡಿದರು, ಪಕ್ಕದಲ್ಲಿ ಕೂತ ಹುಡುಗಿಯನ್ನು ನೋಡಿದರು.

ಆ ಮೌನ ನನಗೆ ಗುರುತು ಸಿಕ್ಕಿತು. ಇಷ್ಟು ವರ್ಷ ಅದನ್ನು ತಪ್ಪಾಗಿ ತಿಳಿದಿದ್ದೆ. ಲಿಯೋನಿನ ಆ ಮಧ್ಯಾಹ್ನ ಯಾರೂ ನನ್ನನ್ನು ನೋಡುತ್ತಿರಲಿಲ್ಲ, ನನ್ನ ಗೂಡನ್ನೂ ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ನಮ್ಮ ಮೇಜನ್ನು. ಅಲ್ಲಿ ಹಿರಿಯರು ಮಡಚದೆ ಬಿಟ್ಟ ಬಟ್ಟೆ ಬಿದ್ದಿತ್ತು. ಅವರ ಬಾಯಿಗೂ ಬೀಗ ಹಾಕಿದ್ದರು. ದಿನಾ ಬಂದು ಕೇಳುತ್ತಿದ್ದ ತಮ್ಮವರಿಗೆ ಅವರು ಕೊಟ್ಟ ಉತ್ತರ ಅದು.

ಯಾದಗಿರಿಯವಳು ಅಳಲಿಲ್ಲ. ಎಂಜಲಾದ ಬಲಗೈಯನ್ನು ಎಲೆಯ ಮೇಲೆ ಹಾಗೇ ಎತ್ತಿ ಹಿಡಿದುಕೊಂಡು, ಎಡಗೈಯಲ್ಲಿ ಸೆರಗಿನೊಳಗಿಂದ ಫೋನ್ ತೆಗೆದು, ಹೆಬ್ಬೆರಳಿನಲ್ಲಿ ಒತ್ತಿ ಕಿವಿಗಿಟ್ಟಳು.

“ಯವ್ವಾ, ಟೀಸಿ ತಗೀಬ್ಯಾಡ. ಆಕಿ ಅಲ್ಲೇ ಓದ್ಲಿ.”